ಗಾಥೆಯ ಮುಂದಿನ ಮಾತು

ಪಾರ್ಸಿಗಳ ಪುರಾತನ ಪವಿತ್ರ ಹಾಡುಗಳಾದ ಗಾಥೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ ಎಂದಾಗ ಬ್ಯಾಡಗಿಯ ನನ್ನ ಗೆಳೆಯ, ಮೆಣಸಿನಕಾಯಿ ದಲಾಲಿ, ಪಕಪಕ ನಕ್ಕುಬಿಟ್ಟ. "ಏನ್ ಹುಚ್ಚೋ ಮಾರಾಯಾ! ನಮ್ಮ ಸೀಮ್ಯಾಗ ಅದನ್ನ ಓದವ್ರರ ಯಾರದಾರ?" ಓದುವವರಿಲ್ಲ, ಕೇಳುವವರು ಒಬ್ಬರಿದ್ದಾರೆ ಎಂದೆ.

ರಾಣೆಬೆನ್ನೂರಿನಲ್ಲಿ ಉಳಿದಿದ್ದ ಒಬ್ಬರೇ ಪಾರ್ಸಿ, ಊರೆಲ್ಲ ಬಾಯಾರು ಎಂದು ಕರೆಯುತ್ತಿದ್ದ ಮುದುಕಿ. ಗಂಡನ ಹತ್ತಿ ಮಿಲ್ಲು ಮುಚ್ಚಿತ್ತು, ಗಂಡನೂ ಹೋಗಿದ್ದರು, ಮಕ್ಕಳಿರಲಿಲ್ಲ. ಚಿಕ್ಕಂದಿನಿಂದ ದಿನಾ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ದೀಪದ ಮುಂದೆ ನಿಂತು ಗಾಥೆ ಹೇಳುತ್ತ ಬಂದವರಿಗೆ ಅದರ ಅರ್ಥ ಮಾತ್ರ ಗೊತ್ತಿರಲಿಲ್ಲ. "ಸಾಯೂದ್ರಾಗ ನಾ ಏನ್ ಬೇಡಾಕತ್ತೇನಿ ಅಂತ ತಿಳೀಬೇಕಲ್ರಿ ಮಾಸ್ತರ," ಎಂದಿದ್ದರು.

ನಾನು ನಿವೃತ್ತ ಇಂಗ್ಲಿಷ್ ಮಾಸ್ತರ. ಹಾವೇರಿಯಲ್ಲಿ ಕೂತು ಇಂಗ್ಲಿಷ್ ಅನುವಾದಗಳಿಂದ ಕನ್ನಡ ಮಾಡುವುದು, ಬಸ್ಸು ಹತ್ತಿ ಹೋಗಿ ಅವರಿಗೆ ಓದಿ ಹೇಳುವುದು. ಆ ಅನುವಾದ ಮಾಡಿದ ಪಂಡಿತರೋ, ಒಬ್ಬ ಆಕಳು ಅಂದಲ್ಲಿ ಇನ್ನೊಬ್ಬ ಭೂಮಿ ಅನ್ನುತ್ತಾನೆ! ತಲೆ ಚಿಟ್ಟು ಹಿಡಿದುಹೋಗುತ್ತಿತ್ತು.

"ಬರೇ ಪ್ರಶ್ನೇನ ಅದಾವಲ್ರಿ. ಉತ್ತರ ಎಲ್ಲೈತಿ?" ಎಂದು ಒಮ್ಮೆ ಬಾಯಾರು ಕೇಳಿದರು.

"ಇಲ್ರಿ ಬಾಯಾರ."

"ಅಯ್ಯ! ಹಂಗಾರ ಇಷ್ಟು ವರ್ಷ ಬರೇ ಕೇಳ್ಕೋಂತನ ಬಂದೇನಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಗಾಥೆಯ ಮೂಲ ಸಾಲುಗಳನ್ನೂ ಬಾಯಿಪಾಠ ಮಾಡಿಸ್ರಿ ಎಂದಿದ್ದೆ. "ಸಿಟ್ಟಾಗಬ್ಯಾಡ್ರಿ, ಅದು ನಮ್ಮ ಮಂದಿ ಬಿಟ್ಟು ಹೊರಗ ಕೊಡೂದಲ್ರಿ," ಎಂದರು. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಿಮ್ಮ ಮಂದಿ ಎಲ್ಲದಾರ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರ ಲೆಕ್ಕದಲ್ಲಿ ನನ್ನ ಕನ್ನಡ ತಿಳಿವಳಿಕೆಗಷ್ಟೇ. ಪ್ರಾರ್ಥನೆ ಆಗಬೇಕಾದರೆ ಆ ಹಳೆಯ ಮಾತುಗಳೇ ಬಾಯಿಂದ ಬರಬೇಕು.

ಈ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಕೊನೆಯ ಪ್ರಾರ್ಥನೆ ಹೇಳಲು ಬರ್ರಿ ಎಂದು ಫೋನು ಮಾಡಿದರೆ ಮುಂಬೈಯ ಪಾರ್ಸಿ ಪುರೋಹಿತರು ಅಷ್ಟು ದೂರ ಬರಲಾಗದು ಎಂದರು. "ನಂದು ನಾನ ಹೇಳ್ಕೋತೇನಿ ಬಿಡ್ರಿ," ಎಂದರು ಬಾಯಾರು. ಕೆಲಸದಾಕೆಯಿಂದ ತಲೆಗೆ ಬಟ್ಟೆ ಕಟ್ಟಿಸಿಕೊಂಡು, ದೀಪ ಹಚ್ಚಿಸಿ, ಮಲಗಿದಲ್ಲೇ ಶುರು ಮಾಡಿದರು. ಒಂದೆರಡು ಸಾಲಿಗೆ ತಡೆದರು. ಮತ್ತೆ ಮೊದಲಿಂದ ಹಿಡಿದರು, ಮತ್ತೆ ಅಲ್ಲೇ ನಿಂತರು.

ಅವರ ಪುಸ್ತಕ ಗುಜರಾತಿ ಲಿಪಿಯದು. ಅವರಿಗೆ ಕಣ್ಣು ಕಾಣದು, ನನಗೆ ಓದಲು ಬಾರದು. ಮೊಬೈಲಿನಲ್ಲಿ ಗಾಥೆಯ ರೆಕಾರ್ಡಿಂಗ್ ಹುಡುಕಿ ಹಚ್ಚಿದೆ. ಯಾರದೋ ಧ್ವನಿ ದಡದಡ ಓಡಿತು, ಇವರ ನಾಲಿಗೆ ಅದರ ಬೆನ್ನು ಹತ್ತಲಾರದೆ ಸೋತಿತು. "ಬಂದ್ ಮಾಡ್ರಿ. ಅಂವಾ ತನ್ನ ಸಲುವಾಗಿ ಹೇಳಾಕತ್ತಾನ."

ನನ್ನ ಕೈ ಹಿಡಿದುಕೊಂಡರು. "ಮುಂದಿಂದು ಏನ್ರಿ ಮಾಸ್ತರ?"

ಯಾವ ಗಾಥೆ ಎಂದು ನನಗೆ ಗೊತ್ತಿತ್ತು. ಆ ಸಾಲಿಗಾಗಿ ವಾರಗಟ್ಟಲೆ ಒದ್ದಾಡಿದ್ದೆ. "ನನ್ನ ನೆರವಿಗೆ ಯಾರು ಬರ್ತಾರ ಅಂತೈತ್ರಿ," ಎಂದೆ.

"ಅದು ಗೊತ್ತೈತ್ರಿ," ಎಂದು ಕೈ ಅಲುಗಾಡಿಸಿದರು. "ಮಾತು ಹೇಳ್ರಿ, ಗಾಥೆದ ಮಾತು."

ನಾನು ಇನ್ನೊಂದು ಕೈಯಿಂದ ಆ ಪುಸ್ತಕವನ್ನೇ ತೆರೆದು, ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಅವರು ಮತ್ತೆ ಮೊದಲಿಂದ ಹಿಡಿದು ಅಲ್ಲಿಗೇ ಬಂದು ನಿಂತರು. ಮರುದಿನ ತೀರಿಕೊಂಡರು, ಅದನ್ನು ಮುಗಿಸದೆ.