ನೆಲ ಮುಟ್ಟದ ಕೂಸು

ನನ್ನ ಮಗಳಿಗೆ ಒಂದೂವರೆ ವರ್ಷ ತುಂಬಿದರೂ ನಿಲ್ಲೋಕೆ ಬರುತ್ತಿರಲಿಲ್ಲ. ದೊಡ್ಡಬೆಳವಂಗಲದ ಹತ್ತಿರ ನಮ್ಮೂರು. ಇಸವಿ ಅರವತ್ತೆಂಟೋ ಅರವತ್ತೊಂಬತ್ತೋ ಇರಬೇಕು.

ಅವಳಿಗಿಂತ ಮೊದಲು ಎರಡು ಕೂಸು ಹೋಗಿದ್ದವು. ಅದಕ್ಕೇ ಇವಳು ಹುಟ್ಟಿದ ದಿನ ನಮ್ಮತ್ತೆ ಹಳೇ ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲಿಟ್ಟು ಬಂದರು. ಕಸ ಅಂದುಕೊಂಡು ಸಾವು ಮುಟ್ಟದೆ ಹೋಗಲಿ ಅಂತ. ಪಕ್ಕದ ಮನೆಯಾಕೆ ಎತ್ತಿಕೊಂಡು ಬಂದಳು. ಅವಳಿಗೆ ಒಂದು ಹಿಡಿ ತವುಡು ಕೊಟ್ಟು ನಮ್ಮ ಮಗುವನ್ನ ನಾವೇ ಕೊಂಡುಕೊಂಡೆವು. ಪದ್ಧತಿ ಅದು.

ಅವತ್ತಿನಿಂದ ಅತ್ತೆ ಅವಳನ್ನ ನೆಲಕ್ಕೆ ಬಿಡಲಿಲ್ಲ. ಇದ್ದರೆ ಸೊಂಟದ ಮೇಲೆ, ಇಲ್ಲದಿದ್ದರೆ ತೊಟ್ಟಿಲಲ್ಲಿ. ಅತ್ತೆ ಮುದ್ದೆ ತೊಳಸುವಾಗ ಮಾತ್ರ ನನ್ನ ಸೊಂಟಕ್ಕೆ ಬರುತ್ತಿದ್ದಳು. ಹೆತ್ತವಳು ನಾನು, ಹೊತ್ತವರು ಅವರು.

ಬೆಳಿಗ್ಗೆ ಬಚ್ಚಲಲ್ಲಿ ಅತ್ತೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನ ಬೋರಲು ಹಾಕಿಕೊಂಡು, ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ಯೋರು. ಆಮೇಲೆ ಸಾಂಬ್ರಾಣಿ. ಬೆಳಕಿಂಡಿಯಿಂದ ಬಿಸಿಲು ಬಿದ್ದು ಆ ಹೊಗೆ ಹಾಲಿನ ಹಾಗೆ ಕಾಣೋದು. ಈಗಲೂ ಕಣ್ಣು ಮುಚ್ಚಿದರೆ ಅದೇ. ಹೊಗೆಯೊಳಗೆ ಅತ್ತೆ, ಮಗು, ತಾಮ್ರದ ಹಂಡೆ, ಎಲ್ಲಾ ಮೆಲ್ಲಗೆ ತೇಲುತ್ತಾ ಇರುತ್ತೆ. ಯಾರ ಕಾಲೂ ನೆಲದ ಮೇಲಿರಲ್ಲ.

ಬಾವಿಕಟ್ಟೆ ಹೆಂಗಸರ ಕಣ್ಣಿಗೆ ಹೊಗೆಯೂ ಇಲ್ಲ, ಮಂಜೂ ಇಲ್ಲ, ನೇರ ಕೇಳಿಬಿಟ್ಟರು.

"ಕುಂಟೀನೇನೇ ನಿನ್ನ ಮಗಳು?"

ಕೊಡ ಕೆಳಗಿಟ್ಟು ಜಗಳ ಆಡಿ ಬಂದೆ. ಆದರೆ ಭಯ ಹೊಕ್ಕಿತು. ಇದು ನಡೆಯುತ್ತೋ ಇಲ್ಲವೋ? ಮಕ್ಕಳಿಗೆ ಸಿಡುಬಿನ ದಾಕು ಹಾಕೋಕೆ ಅಂತ ಬಸ್ಸಲ್ಲಿ ಬರುತ್ತಿದ್ದ ನರ್ಸಮ್ಮನನ್ನ, ದಾರಿಯಲ್ಲಿ ತಿಪ್ಪೆ ಕತೆಯನ್ನೂ ಹೇಳುತ್ತಾ, ಕರೆದುಕೊಂಡೇ ಬಂದೆ.

ಆಕೆ ಮಗುವಿನ ಕಾಲು ಮಡಿಸಿದರು, ನೀಡಿದರು, ಅಂಗಾಲಿಗೆ ಕಚಗುಳಿ ಇಟ್ಟರು. ಮಗು ಕಿಲಕಿಲ ಅಂತು. ಕಂಕುಳಿಗೆ ಕೈ ಕೊಟ್ಟು ಅಂಗಳಕ್ಕೆ ಇಳಿಸಿದರೆ, ಕಾದ ಹೆಂಚು ತಗುಲಿದ ಹಾಗೆ ಕಾಲು ಮೇಲೆ ಎಳೆದುಕೊಂಡಿತು.

"ಕಾಲಲ್ಲಿ ದೋಷ ಏನೂ ಕಾಣಲ್ಲ. ನೀವು ಅದಕ್ಕೆ ಕೆಲಸ ಕೊಟ್ಟಿಲ್ಲ. ಎಣ್ಣೆ ತಿಕ್ಕಿ, ರಾಗಿ ಸರಿ ತಿನ್ನಿಸಿ, ಎಲ್ಲಾ ಸರಿಯೇ. ಆದರೆ ನೆಲಕ್ಕೆ ಬಿಡಿ."

"ನೆಲಕ್ಕಾ?" ಅಂದರು ಅತ್ತೆ. "ಧೂಳು, ಇರುವೆ, ಥಂಡಿ. ಏನವ್ವಾ ನೀನು, ಮಕ್ಕಳು ಹೆತ್ತಿದ್ದೀಯಾ?"

"ಮೂರು ಹೆತ್ತಿದ್ದೀನಿ ಕಣಜ್ಜಿ. ಹುಟ್ಟಿದ ದಿನ ತಿಪ್ಪೆಗೆ ಹಾಕೋಕೆ ಹೆದರಲಿಲ್ಲ, ಸಾರಿಸಿದ ಅಂಗಳಕ್ಕೆ ಹಾಕೋಕೆ ಹೆದರ್ತೀರಾ?"

ಅತ್ತೆ ಮಗುವನ್ನ ಎತ್ತಿ ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದರು.

ಮಾರನೇ ದಿನದಿಂದ ಅಂಗಳದಲ್ಲಿ ಗೋಣಿ ಹಾಸಿ ಬಿಟ್ಟೆ. ಮಗು ಕಿರುಚಿತು. ಅತ್ತೆ ಗೋಡೆ ಕಡೆ ತಿರುಗಿ ಕೂತರು, ಎತ್ತಿಕೊಂಡರೆ ನಾನು ಬೈತೀನಿ ಅಂತ ಗೊತ್ತಿತ್ತು. ಕಿರುಚಿ ಸಾಕಾದ ಮೇಲೆ ಅದು ಒಣಹಾಕಿದ ರಾಗಿಗೆ ಕೈ ಹಾಕಿತು. ಆಮೇಲಾಮೇಲೆ ಕೂತುಕೊಂಡೇ ತೆವಳಿತು. ಕೋಳಿ ಹಿಂದೆ ಅಂಬೆಗಾಲಿಟ್ಟಿತು.

ಅವರೆಕಾಯಿ ಕಾಲ ಬಂತು. ಒಂದು ಬೆಳಿಗ್ಗೆ, ಇನ್ನೂ ಮಂಜು ಸರಿದಿರಲಿಲ್ಲ, ಅತ್ತೆ ಗೋಡೆ ಕಡೆಗೇ ಮುಖ ಮಾಡಿ ಕಾಯಿ ಸುಲಿಯುತ್ತಿದ್ದರು. ಸುಲಿಯೋ ಕೈ ನಿಂತುಹೋಯಿತು.

"ಯಾರೇ ಅದು, ನನ್ನ ತುರುಬು ಹಿಡ್ಕೊಂಡಿರೋದು?"

"ನಿಮ್ಮ ತಿಪ್ಪೆ ಕಸ ಕಣತ್ತೆ," ಅಂದೆ. "ನಿಂತಿದಾಳೆ."

ಅತ್ತೆ ತಿರುಗಲಿಲ್ಲ. ತಿರುಗಿದರೆ ಬಿದ್ದುಬಿಡುತ್ತಾಳೆ ಅಂತ ಕತ್ತು ಅಲ್ಲಾಡಿಸದೆ ಕಲ್ಲಿನ ಹಾಗೆ ಕೂತರು. ಅವಳೇ ತುರುಬು ಬಿಡೋವರೆಗೂ.

ಸಂಕ್ರಾಂತಿ ಹೊತ್ತಿಗೆ ನಡೆದಳು. ಅತ್ತೆ ಸೊಂಟ ಮಾತ್ರ ನೆಟ್ಟಗಾಗಲಿಲ್ಲ. ಖಾಲಿ ಸೊಂಟವನ್ನ ಒಂದು ಪಕ್ಕಕ್ಕೆ ವಾಲಿಸಿಕೊಂಡೇ ಹೊಲಕ್ಕೆ ಹೋಗೋರು. ಮುಂದೆ ಮುಂದೆ ಮೊಮ್ಮಗಳು ಓಡೋಳು.