ಒಡೀಲ್ ಕೊಂಡ ಹೆಸರಿಲ್ಲದ ಕೋವಿ

ಒಡೀಲ್ ವಲೆಟ್ ಶಾಲೆಯ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಬಡಿಸಿದವಳು. ಮದುವೆಯಾಗಲಿಲ್ಲ. ಹೊಳೆಯಾಚೆ ಕೆನಡಾ, ಈಚೆ ಅಮೆರಿಕದ ಮೇನ್ ರಾಜ್ಯದ ಆಲೂಗಡ್ಡೆ ಹೊಲಗಳು. ಅಪ್ಪ ಬಿಟ್ಟುಹೋದ ಮನೆಯಲ್ಲಿ ಅವಳು, ಬೇಲಿಯಾಚೆ ಅಣ್ಣ ರೊಸೇರ್. ಅಪ್ಪನ ಕೋವಿ ಮಾತ್ರ ಅಣ್ಣನ ಪಾಲಿಗೆ ಹೋಯಿತು. ಚಿಕ್ಕಂದಿನಲ್ಲಿ ಬೇಲಿಗೂಟದ ಮೇಲಿಟ್ಟ ಡಬ್ಬಿಗಳನ್ನು ಅಣ್ಣನಿಗಿಂತ ಹೆಚ್ಚು ಉರುಳಿಸುತ್ತಿದ್ದವಳು ಅವಳೇ. ಅಪ್ಪ ಅದನ್ನು ನೋಡಿ ನಗುತ್ತಿದ್ದ, ಅಷ್ಟೆ.

ಒಬ್ಬರಿಗೆ ವರ್ಷಕ್ಕೆ ಒಂದೇ ಜಿಂಕೆ ಎಂಬುದು ಅಲ್ಲಿನ ಕಾನೂನು. ರೊಸೇರ್ ಪ್ರತಿವರ್ಷ ತಂಗಿಯ ಕೈಯಲ್ಲೂ ಬೇಟೆಯ ಲೈಸೆನ್ಸ್ ಮಾಡಿಸಿ, ತಾನು ಹೊಡೆದ ಎರಡನೆಯ ಜಿಂಕೆಯನ್ನು ಅವಳದೆಂದು ಬರೆಸುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ಗುಟ್ಟು. "ಏನಮ್ಮ ಒಡೀಲ್, ಈ ಸಲ ಎಷ್ಟು ದೂರದಿಂದ ಹೊಡೆದೆ?" ಎಂದು ಅಂಗಡಿಯವನು ಕೇಳಿದಾಗ ಗಂಡಸರೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಐವತ್ತನಾಲ್ಕು ತುಂಬಿದ ವರ್ಷ ಯಾಕೋ ನಗು ಬರಲಿಲ್ಲ.

ಆ ಅಕ್ಟೋಬರಿನಲ್ಲಿ, ಕೋವಿ ರಿಪೇರಿ ಮಾಡುವ ಮುದುಕ ಲಿಯೋನ್ಸನ ಕೊಟ್ಟಿಗೆಯಲ್ಲಿ ಅವಳು ಒಂದು ಹಳೆಯ ಬೇಟೆಕೋವಿ ನೋಡಿದಳು. ಅದರ ಮೇಲೆ ಕಂಪನಿಯ ಹೆಸರಿಲ್ಲ, ನಂಬರಿಲ್ಲ, ಒಂದು ಮುದ್ರೆಯೂ ಇಲ್ಲ. ಮರದ ಹಿಡಿಯನ್ನು ಹಿಂದೆ ಯಾರೋ ಮೋಟು ಮಾಡಿದ್ದರು. ಭುಜಕ್ಕೆ ಏರಿಸಿದರೆ ಅವಳ ಗಿಡ್ಡ ತೋಳಿಗೆ ಹೇಳಿ ಮಾಡಿಸಿದಂತೆ ಕೂತಿತು.

"ಯಾರು ಮಾಡಿದ್ದು ಇದು?"

"ದೇವರಾಣೆ ಗೊತ್ತಿಲ್ಲ ಕಣಮ್ಮ," ಎಂದ ಲಿಯೋನ್ಸ್. "ನಳಿಗೆ ಚೆನ್ನಾಗಿದೆ. ಒಳಗೆ ಸೀಸ ಹೊಯ್ದು ಅಚ್ಚು ತೆಗೆದು ನೋಡಿದೆ, ಆ ಅಳತೆಯ ತೋಟಾ ಈಗಲೂ ಅಂಗಡೀಲಿ ಸಿಗುತ್ತೆ. ಉಕ್ಕು ಎಂಥದು ಅಂತ ಮಾತ್ರ ನನ್ನ ಕೇಳಬೇಡ."

ಸುದ್ದಿ ಕೇಳಿ ರೊಸೇರ್ ಕೊಟ್ಟಿಗೆಗೆ ಓಡಿಬಂದ. "ಅಪ್ಪ ಅಮ್ಮ ಯಾರೂಂತ ಗೊತ್ತಿಲ್ಲದ ಕೋವಿ. ಮುಖದ ಮೇಲೇ ಸಿಡಿಯುತ್ತೆ ನೋಡ್ತಿರು. ನಾಳೆ ಮಾರೋಕೆ ಹೋದ್ರೆ ಮೂರು ಕಾಸಿಗೂ ಯಾರೂ ಮುಟ್ಟಲ್ಲ."

"ಮಾರೋಕೆ ಯಾರು ತಗೋತಿದಾರೆ?"

"ಬೇಕಾದ್ರೆ ಅಪ್ಪನ ಕೋವೀನೇ ಒಂದಿನ ಕೊಡ್ತೀನಿ ಕಣೇ. ನಿನಗ್ಯಾಕೆ ಬೇರೆ? ಈ ವಯಸ್ಸಲ್ಲಿ?"

ಇಷ್ಟು ವರ್ಷ ಮುಟ್ಟಗೊಡದ ಕೋವಿಯನ್ನು ಅಣ್ಣ ಇವತ್ತು ಕೊಡುತ್ತೇನೆ ಎನ್ನುತ್ತಿದ್ದಾನೆ. ಅವನ ಕಳವಳ ತನ್ನ ಮುಖದ ಬಗ್ಗೆಯಲ್ಲ, ತನ್ನ ಲೈಸೆನ್ಸಿನ ಬಗ್ಗೆ ಎಂದು ಒಡೀಲ್‌ಗೆ ಹೊಳೆಯಿತು. ಆದರೂ ಸಿಡಿಯುವ ಮಾತು ಸುಳ್ಳೇನಲ್ಲ. ಎರಡು ಕಣ್ಣೂ ಅವಳಿಗೆ ಬೇಕಿದ್ದವು.

"ಪರೀಕ್ಷೆ ಮಾಡೋಣ," ಎಂದಳು.

ಲಿಯೋನ್ಸ್ ಕೋವಿಯನ್ನು ಹಳೆಯ ಲಾರಿ ಟೈರಿಗೆ ಬಿಗಿದು ಮಣ್ಣುದಿಬ್ಬದ ಕಡೆ ತಿರುಗಿಸಿಟ್ಟ. ಟ್ರಿಗರ್‌ಗೆ ಉದ್ದನೆಯ ಹಗ್ಗ ಕಟ್ಟಿ, ಮೂವರೂ ಆಲೂಗಡ್ಡೆ ಉಗ್ರಾಣದ ಗೋಡೆಯ ಹಿಂದೆ ನಿಂತರು. ಲಿಯೋನ್ಸ್ ಹಗ್ಗಕ್ಕೆ ಕೈಹಾಕಿದ. ಒಡೀಲ್ ಅದನ್ನು ಕಸಿದುಕೊಂಡು ತಾನೇ ಎಳೆದಳು. ಗುಂಡು ದಿಬ್ಬಕ್ಕೆ ಬಡಿಯಿತು, ಕಾಗೆಗಳು ಎದ್ದವು. ಕೋವಿ ಇದ್ದ ಹಾಗೇ ಇತ್ತು. ಮತ್ತೆ ತುಂಬಿಸಿದರು, ಮತ್ತೆ ಎಳೆದಳು. ಹಾರಿಸಿದ ತೋಟಾಗಳ ಖಾಲಿ ಚಿಪ್ಪುಗಳನ್ನು ಲಿಯೋನ್ಸ್ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಉಬ್ಬಿರಲಿಲ್ಲ, ಬಿರಿದಿರಲಿಲ್ಲ.

"ನಾನಾಗಿದ್ರೂ ಹಾರಿಸ್ತಿದ್ದೆ," ಎಂದ.

"ಹಾಗಾದ್ರೆ ನನ್ನದಾಯ್ತು," ಎಂದು ಒಡೀಲ್ ಅಲ್ಲೇ ದುಡ್ಡು ಕೊಟ್ಟಳು. "ಹಿಡಿ ಮೇಲೆ ನಿನ್ನ ಹೆಸರು ಕೊರೆದು ಕೊಡ್ಲಾ?" ಎಂದು ಮುದುಕ ಕೇಳಿದ. "ಬೇಡ. ನನ್ನ ಹೆಸರಲ್ಲಿ ಏನೇನೋ ಬರೆದದ್ದು ಸಾಕಾಗಿದೆ."

ನವೆಂಬರಿನ ಮೊದಲ ವಾರ ರೊಸೇರ್ ಅವಳ ಅಡುಗೆಮನೆಗೆ ಬಂದ. ಬಿಸಿ ಪ್ಲಾಯ್ ರೊಟ್ಟಿಗೆ ಬೆಣ್ಣೆ ಸವರಿ ಸುರುಳಿ ಮಾಡಿ ತಿಂದು, ಏನೂ ಆಗಿಲ್ಲವೆಂಬಂತೆ ಕೈಚಾಚಿದ. "ಲೈಸೆನ್ಸ್ ಕೊಡು, ಹೊರಡ್ತೀನಿ."

"ಅದು ನನ್ನ ಜೇಬಲ್ಲಿದೆ ಅಣ್ಣ. ನನ್ನ ಜೊತೇಲೇ ಕಾಡಿಗೆ ಬರುತ್ತೆ."

"ಒಂದು ಜಿಂಕೆ ದಂಡ ಮಾಡ್ತೀಯ."

"ಮಾಡ್ತೀನಿ. ಇನ್ನೊಂದು ರೊಟ್ಟಿ ಹಾಕ್ಲಾ?"

ಅವನು ತಟ್ಟೆ ಸರಿಸಿ ಎದ್ದುಹೋದ.

ಅವಳು ಒಬ್ಬಳೇ ದೇವದಾರುಗಳ ಅಂಚಿನಲ್ಲಿ ಕಾದಳು. ಬೆರಳು ಮರಗಟ್ಟಿತು, ಮೂಗು ಸೋರಿತು. ಬೇಟೆಗಾಲದ ಕೊನೆಯ ಶನಿವಾರ ಕೊಂಬಿನ ಜಿಂಕೆಯೊಂದು ಬಯಲಿಗೆ ಬಂದು ಅಡ್ಡಲಾಗಿ ನಿಂತಿತು. ಒಡೀಲ್‌ಳ ಎದೆ ಹೊಡೆದುಕೊಂಡ ರಭಸಕ್ಕೆ ನಳಿಗೆ ಅಲುಗಿತು. ಗುಂಡು ಮೇಲಿಂದ ಹಾದುಹೋಯಿತು; ಜಿಂಕೆ ಬಾಲವೆತ್ತಿ ಮರೆಯಾಯಿತು. ರಕ್ತದ ಗುರುತಿದೆಯೇ ಎಂದು ಹಿಮದಲ್ಲಿ ಬಹಳ ದೂರ ಹುಡುಕಿದಳು. ಇರಲಿಲ್ಲ.

ನಡೆದದ್ದನ್ನು ಅವಳು ಲಿಯೋನ್ಸನಿಗೆ ಹೇಳಿದ್ದಳು. ಅಂಗಡಿಯಲ್ಲಿ ರೊಸೇರ್ ನಾಲ್ಕು ಜನರ ಎದುರೇ ಕೆಣಕಿದ. "ಎಲ್ಲೇ ನಿನ್ನ ಜಿಂಕೆ? ಗುಂಡು ಮೇಲೆ ಹೋಯ್ತಂತೆ?"

"ಹೌದು, ಗೇಣು ಮೇಲೆ," ಎಂದಳು ಒಡೀಲ್, ಕೋವಿಯನ್ನು ಭುಜದಿಂದ ಇಳಿಸದೆ. "ಕೇಳಿದೋರಿಗೆಲ್ಲ ಹೇಳು ಅಣ್ಣ. ಗುರಿ ತಪ್ಪಿದೋಳು ಒಡೀಲ್, ಅವಳೇ ಖುದ್ದಾಗಿ ಅಂತ."

ಈ ಸಲ ಮೊದಲು ನಕ್ಕವಳು ಅವಳೇ.