ಬೀಟಾ ದೊಡ್ಡದಾದ ಸಂಜೆ

ಅಕ್ಕನ ಬಲ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಕಚ್ಚಿ ಕಚ್ಚಿ ಮುಗಿಸಿದ್ದರು. ಆನೆ ಬಂದರೆ ಹೊಲದಲ್ಲಿ ಸೈರನ್ ಕೂಗಿಸುವ ಪೆಟ್ಟಿಗೆ ಮಾಡುವ ಹನೂರಿನ ಸಣ್ಣ ಅಂಗಡಿ ನಮ್ಮದು. ಅದರೊಳಗಿನ ಸಾಫ್ಟ್‌ವೇರ್ ಅಕ್ಕನ ಕೆಲಸ, ನಾನು ಅವರ ಬಾಲ. ಹೊಸ ಆವೃತ್ತಿ ಕಳಿಸುವಾಗಲೆಲ್ಲ ಬೆರಳು ಬಾಯಿಗಿಟ್ಟು, "ಎದ್ರಿಕೆ ಆಯ್ತದೆ ಕಣ್ಲಾ" ಎನ್ನುತ್ತಿದ್ದರು. ನಾನು ಅದನ್ನು ಅಣಕಿಸಿದರೆ ಅವರೇ ನಗುತ್ತಿದ್ದರು. ನನ್ನ ಮೂತಿಯನ್ನು ಅಣಕಿಸಲು ಬೀದಿಯ ಕೋತಿಗಳಿದ್ದವು.

ಆವೃತ್ತಿಗಳ ಲೆಕ್ಕ ನನಗೆ ಕಲಿಸಿದ್ದೂ ಅವರೇ: "ಲೇ, ೧.೯ಕ್ಕಿಂತ ೧.೧೦ ದೊಡ್ದು. ಚುಕ್ಕಿ ಈಚೆದು ಬ್ಯಾರೆ, ಆಚೆದು ಬ್ಯಾರೆ ಲೆಕ್ಕ. ಬೀಟಾ ಅಂದ್ರೆ ಇನ್ನೂ ಪರೀಕ್ಷೇಲಿರೋದು, ಒಟ್ಟೇಲಿರೋ ಕೂಸು. ಉಟ್ಟಿರದ್ಕಿಂತ ಅದು ದೊಡ್ದಾ?"

ಪೆಟ್ಟಿಗೆಗಳು ದೊಡ್ಡ ಸಂಖ್ಯೆಯ ಆವೃತ್ತಿಯನ್ನು ತಾವೇ ಹುಡುಕಿ ಹಾಕಿಕೊಳ್ಳುತ್ತಿದ್ದವು. ಅದಕ್ಕೆಂದು ಹೊಸ ಇನ್‌ಸ್ಟಾಲರ್ ತಂದ ವಾರದಲ್ಲೇ ೨.೦ ಬಿಟ್ಟೆವು. ಸಂಜೆ ಪರದೆ ನೋಡಿದ ಅಕ್ಕ ಬಿಳಿಚಿಕೊಂಡರು. ಶಾಗ್ಯ ಊರಿನ ಹೊಲದ ಪೆಟ್ಟಿಗೆ ೨.೦ ಬಿಟ್ಟು ೨.೦ ಬೀಟಾ ಹಾಕಿಕೊಂಡಿತ್ತು. ಹಳೆಯ ಇನ್‌ಸ್ಟಾಲರ್‌ಗೆ ಬೀಟಾ ಚಿಕ್ಕದು. ಹೊಸದಕ್ಕೆ, ಸಂಖ್ಯೆಯ ಕೊನೆಗೆ ಏನಾದರೂ ಅಂಟಿಕೊಂಡಿದ್ದರೆ ಅದೇ ದೊಡ್ಡದು. ಅಂಗಡಿಯಲ್ಲಿ ಪರೀಕ್ಷಿಸಲೆಂದು ಬೀಟಾದಲ್ಲಿ ಸೈರನ್ನಿನ ಬಾಯಿ ಕಟ್ಟಿದ್ದೆವು. ಪರದೆಯಲ್ಲಿ ಆನೆ ಬಂದ ಕೆಂಪು ಗುರುತು ಆಗಲೇ ಮಿನುಗುತ್ತಿತ್ತು.

ಆ ಹೊಲದಲ್ಲಿ ಜೋಳ ಕಾಯುವ ಅಜ್ಜಿ ಒಬ್ಬರೇ. ಸೈರನ್ ಕೂಗಿದರೆ ಮಾತ್ರ ಗುಡಿಸಲಿನಿಂದೆದ್ದು ಮರದ ಮೇಲಿನ ಅಟ್ಟಣೆ ಹತ್ತುವವರು.

"ಅಜ್ಜಿಗೆ ಪೋನ್ ಮಾಡು ಕಣ್ಲಾ!" ಅಕ್ಕ ಕೂಗಿದರು.

ಮಾಡಿದೆ. ಎತ್ತಲಿಲ್ಲ. ಅಕ್ಕ ೨.೦ ತುರುಕಲು ನೋಡಿದರು. ಇದಕ್ಕಿಂತ ಹೊಸದು ನನ್ನಲ್ಲಿದೆ ಎಂದು ಪೆಟ್ಟಿಗೆ ತಳ್ಳಿಹಾಕಿತು.

"ಕೆಳಿಕ್ಕೆ ಇಳಿಯಕಿಲ್ಲ ಅಂತದೆ. ಮ್ಯಾಕೇ ಏರ್ಸಾನ."

೨.೦ರ ಪ್ರೋಗ್ರಾಂಗೇ ೨.೧ ಎಂದು ಹೆಸರಿಟ್ಟರು. ತಪ್ಪೊತ್ತಿ, ಅಳಿಸಿ, ಮತ್ತೆ ಒತ್ತಿ ಕಳಿಸಿದರು. ನಾನು ಫೋನ್ ಮಾಡುತ್ತಲೇ ಇದ್ದೆ.

ಕೊನೆಗೆ ಎತ್ತಿದರು. ಸೈರನ್ನಿನ ಕಿರುಚಾಟದ ನಡುವೆ ಅಜ್ಜಿಯ ದನಿ: "ಒಲೆ ಅಚ್ತಾ ಕೂತಿದ್ನಪ್ಪ. ಕೂಗ್ತು ನೋಡು! ನಾನು ಅಟ್ಟಣೆ ಅತ್ತಿದ್ದೇ ತಡ, ಆನೆಗೋಳು ಗುಡ್ಸಲ ಮೆಟ್ಟಾಕ್ಬುಟ್ಟೊ!"

ಅಕ್ಕ ನೆಲದ ಮೇಲೆ ಕುಸಿದು ಕೂತರು. ನಾನು ಫೋನನ್ನು ಅವರ ಕಿವಿಗೆ ಹಿಡಿದೆ.

ಹೋದ ವರ್ಷ ಜ್ವರದಲ್ಲಿ ಅಕ್ಕ ತೀರಿಕೊಂಡರು. ಈಗ ಆವೃತ್ತಿ ಕಳಿಸುವವನು ನಾನು. ಕಳಿಸುವ ಮೊದಲು ಯಾವುದು ದೊಡ್ಡದೆಂದು ಇನ್‌ಸ್ಟಾಲರನ್ನೇ ಕೇಳುತ್ತೇನೆ. ಆಮೇಲೆ ಅಂಗಡಿಯ ಪೆಟ್ಟಿಗೆಗೆ ಹಾಕಿ, ಬಾಗಿಲು ತೆರೆದಿಟ್ಟು, ಸೈರನ್ ಪೂರಾ ಕೂಗಿಸುತ್ತೇನೆ. ಬೀದಿಯವರು ಬೆಚ್ಚಿಬಿದ್ದು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.